ಒಂದು ಗ್ರಂಥಕ್ಕೆ ಹಲವು ದಾರಿ

ಗ್ರಂಥವು ಏಕಕಾಲದಲ್ಲಿ ಒಂದೇ ಕಪಾಟಿನಲ್ಲಿ ನಿಲ್ಲಬಲ್ಲ ಜಡವಸ್ತುವಾದುದರಿಂದ, ಅದನ್ನು ಇರಿಸುವ ಸ್ಥಳವೊಂದು, ಅದನ್ನು ಅರಸಿ ಬರುವ ದಾರಿಗಳು ಹಲವು ಎಂಬ ವಿವೇಕವು ಗ್ರಂಥಪಾಲಕರ ವ್ಯವಸ್ಥೆಗಳಲ್ಲಿ ಮೂಡುವುದಕ್ಕೆ ಬಹುಕಾಲ ಹಿಡಿಯಿತು. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಾಂಶ ವರ್ಗೀಕರಣವು ಸಮಸ್ತ ಜ್ಞಾನವನ್ನೂ ಹತ್ತು ವರ್ಗಗಳಾಗಿ ಒಡೆದು, ಅವನ್ನು ಮತ್ತೆ ಹತ್ತು ಹತ್ತಾಗಿ ವಿಭಜಿಸುತ್ತ, ಪ್ರತಿ ಗ್ರಂಥಕ್ಕೂ ಪೂರ್ವನಿಶ್ಚಿತವಾದ ಒಂದು ಸ್ಥಾನವನ್ನು ವಿಧಿಸಿತು.

ಗಣಿತಾಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರಿಗೆ ಈ ವಿಧಿ ಒಪ್ಪಿಗೆಯಾಗಲಿಲ್ಲ. ವ್ಯಾಸಂಗಾರ್ಥವಾಗಿ ಲಂಡನ್ನಿಗೆ ಹೋಗಿದ್ದಾಗ, ಅಲ್ಲಿಯ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟದ ಸಾಮಾನಿನ ಕೆಲವೇ ಪಟ್ಟಿ, ಗಾಲಿ, ತಿರುಪುಮೊಳೆಗಳಿಂದ ಬಗೆಬಗೆಯ ಯಂತ್ರಗಳು ರೂಪುಗೊಳ್ಳುವುದನ್ನು ಕಂಡ ಅವರಿಗೆ, ವಿಷಯಗಳನ್ನೂ ಹಾಗೆಯೇ ಬಿಡಿಭಾಗಗಳಿಂದ ಜೋಡಿಸಬಹುದೆಂಬುದು ಹೊಳೆಯಿತು. ಅದರ ಫಲ 1933ರಲ್ಲಿ ಹೊರಬಂದ ಕೋಲನ್ ವರ್ಗೀಕರಣ. ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆಯನ್ನು ಕುರಿತು 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆಯ ಗ್ರಂಥವೊಂದಿದ್ದರೆ, ಈ ಪದ್ಧತಿಯಲ್ಲಿ ಅಂಗ, ರೋಗ, ಚಿಕಿತ್ಸೆ, ದೇಶ, ಕಾಲಗಳಿಗೆ ಪ್ರತ್ಯೇಕ ಸಂಕೇತಗಳು ದೊರೆತು, ವಿರಾಮಚಿಹ್ನೆಗಳಿಂದ ಅವು ಒಂದೇ ಸಂಖ್ಯೆಯಾಗಿ ಹೊಸೆದುಕೊಳ್ಳುತ್ತವೆ. ಇಂತಹ ಎಲ್ಲ ಅಂಶಗಳನ್ನೂ ಅವರು ಮುಂದೆ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲಗಳೆಂಬ ಐದು ಮೂಲವರ್ಗಗಳಿಗೆ ಇಳಿಸಿದರು. ವೈಶೇಷಿಕ ದರ್ಶನದ ಪದಾರ್ಥವಿಚಾರವನ್ನು ಬಲ್ಲವರಿಗೆ ಈ ಪಟ್ಟಿ ಅಷ್ಟೇನೂ ಅಪರಿಚಿತವೆನಿಸದು. ಕೋಲನ್ ಪದ್ಧತಿಯ ಸಂಖ್ಯೆಗಳು ಕ್ಲಿಷ್ಟವಾದುವೆಂಬ ಆಕ್ಷೇಪವು ನ್ಯಾಯವಾದುದೇ. ಲೋಕದ ಅನೇಕ ಗ್ರಂಥಾಲಯಗಳು ಡ್ಯೂಯಿಯವರನ್ನು ಬಿಡಲಿಲ್ಲ. ರಂಗನಾಥನ್ ಬೆಂಗಳೂರಿನಲ್ಲಿ ನೆಲಸಿ, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಆ ಊರಿನಲ್ಲಿಯೇ ನಿಧನರಾದರು.

ಕಪಾಟಿನ ನಿರ್ಬಂಧವೇ ಇಲ್ಲದ ಗಣಕಯಂತ್ರವು ಬಂದಾಗಲಾದರೂ ರಂಗನಾಥನ್ ಅವರ ಮಾರ್ಗವನ್ನು ಹಿಡಿಯಬಹುದಾಗಿತ್ತು. ಆದರೆ 1965ರಲ್ಲಿ ಮಲ್ಟಿಕ್ಸ್ ಎಂಬ ಗಣಕ ಕಾರ್ಯಾಚರಣ ವ್ಯವಸ್ಥೆಗಾಗಿ ಡೇಲಿ ಮತ್ತು ನ್ಯೂಮನ್ ನಿರೂಪಿಸಿದ ಕಡತವ್ಯವಸ್ಥೆಯು ಕೊಂಬೆಯೊಳಗೆ ಕೊಂಬೆಯುಳ್ಳ ವೃಕ್ಷವಾಗಿತ್ತು. ಕಡತವೊಂದನ್ನು ಬೇರೊಂದು ಕೊಂಬೆಯಿಂದ ತೋರುವ ಕೊಂಡಿಗಳಿಗೆ ಅದರಲ್ಲಿ ಅವಕಾಶವಿದ್ದರೂ, ಜನರ ಕೈಗೆ ರೂಢಿಯಾದುದು ಫೋಲ್ಡರಿನೊಳಗೆ ಫೋಲ್ಡರ್ ಇಡುವ ಕ್ರಮವೇ. ಮುಂದೆ ಜಾಲತಾಣಗಳ ನಿರ್ವಹಣೆಗೆಂದು ಬಂದ ತಂತ್ರಾಂಶಗಳಲ್ಲಿ, 2001ರ ಡ್ರುಪಾಲ್ ಒಂದೇ ಬರಹವನ್ನು ಬೇರೆ ಬೇರೆ ಪದಪಟ್ಟಿಗಳಿಂದ ಗುರುತಿಸುವ ವರ್ಗೀಕರಣವನ್ನು ತನ್ನ ಹೆಗ್ಗಳಿಕೆಯಾಗಿಸಿಕೊಂಡಿತು. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ವಿಭಾಗಗಳಿಂದಲೇ ಕಾಲ ನೂಕಿ, ಟ್ಯಾಗುಗಳೆಂಬ ಗುರುತುಪದಗಳನ್ನು 2007ರಲ್ಲಿ ತನ್ನದಾಗಿಸಿಕೊಂಡಿತು. ಗ್ರಂಥಾಲಯದವರು ಎಂದೋ ಕಲಿತ ಪಾಠವನ್ನು ಯಂತ್ರದವರು ತಮ್ಮದೇ ಆವಿಷ್ಕಾರವೆಂಬಂತೆ ಕಲಿತರು.

ಆದಕಾರಣ ಹಳೆಯ ಸಂಚಿಕೆಗಳನ್ನು ಜಾಲತಾಣಕ್ಕೆ ಏರಿಸಹೊರಟಿರುವ ನಮ್ಮ ಪತ್ರಿಕೆಗಳೂ ಸಂಘಗಳೂ, ಪುಟದ ಬಣ್ಣವನ್ನೂ ವೆಚ್ಚವನ್ನೂ ವಿಚಾರಿಸುವುದಕ್ಕೆ ಮುನ್ನ, ಒಂದೇ ಲೇಖನವನ್ನು ಬರೆದವರಿಂದಲೂ ಊರಿನಿಂದಲೂ ಕಾಲದಿಂದಲೂ ವಿಷಯದಿಂದಲೂ ತಾವು ಆರಿಸುವ ತಂತ್ರಾಂಶವು ತೆಗೆದುಕೊಡಬಲ್ಲುದೇ ಎಂದು ಕೇಳಲಿ. ಕೊಡಲಾರದಾದರೆ, ಅದೆಷ್ಟೇ ಜನಪ್ರಿಯವಾಗಿರಲಿ, ಬೇರೊಂದನ್ನು ನೋಡಲಿ.