ಮೇಲೆ ಗ್ಯಾಸ್, ಕೆಳಗೆ ಕರೆಂಟ್: ಕುಕಿಂಗ್ ರೇಂಜ್ ಇರುವ ಮನೆಯವರು ತಿಳಿದಿರಬೇಕಾದ ಸಂಗತಿಗಳು

"ಗ್ಯಾಸ್ ವಾಸನೆ ಬಂದ ಕೂಡಲೇ ಅಡುಗೆಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ." ಸುರಕ್ಷತೆಯ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಸಲಹೆಗಳಲ್ಲಿ ಇಂಥದ್ದೂ ಇರುತ್ತದೆ. ಕೇಳಿದರೆ ಜಾಣತನದ ಮಾತು ಎನಿಸುತ್ತದೆ. ಆದರೆ ಗ್ಯಾಸ್ ತುಂಬಿದ ಕೋಣೆಯಲ್ಲಿ ಇದನ್ನು ಪಾಲಿಸಿದರೆ ಜೀವಕ್ಕೇ ಸಂಚಕಾರ. ಸ್ವಿಚ್ ಹಾಕುವಾಗ ಹೇಗೋ ಹಾಗೆಯೇ ಆರಿಸುವಾಗಲೂ ಅದರೊಳಗೆ ಸಣ್ಣ ಕಿಡಿ ಹಾರುತ್ತದೆ. ಓಡುತ್ತಿರುವ ಓವನ್ನಿನ ಪ್ಲಗ್ ಎಳೆದರೆ ಕಿಡಿ ಇನ್ನೂ ದೊಡ್ಡದು. ಹೊತ್ತಿಕೊಳ್ಳಲು ಗ್ಯಾಸ್‌ಗೆ ಅಷ್ಟೇ ಸಾಕು.

ಗ್ಯಾಸ್ ಬರ್ನರ್ ಮತ್ತು ಕರೆಂಟ್ ಓವನ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಕುಕಿಂಗ್ ರೇಂಜ್ ಬಗ್ಗೆ ಬರೆಯಲು ಹೊರಟಾಗ ನಾವು ಮೊದಲು ಹೇಳಬೇಕೆಂದುಕೊಂಡದ್ದು ಇದನ್ನೇ. ಇದಕ್ಕೆ ಡ್ಯುಯಲ್ ಫ್ಯೂಯೆಲ್ ಎಂದೂ ಹೇಳುತ್ತಾರೆ. ಬ್ರಿಟನ್‌, ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಪರಿಚಿತ. ನಮ್ಮ ಊರುಗಳಲ್ಲೂ ಕೇಕ್, ಬ್ರೆಡ್ ಮಾಡುವ ಹವ್ಯಾಸ ಇರುವ ಮನೆಗಳಲ್ಲಿ ಕಾಣುತ್ತದೆ. ಗ್ಯಾಸ್ ಒಲೆಯ ಪಕ್ಕ ಓಟಿಜಿ ಇಟ್ಟುಕೊಂಡವರಿಗೂ ಇಲ್ಲಿನ ಮಾತು ಬಹುಪಾಲು ಅನ್ವಯಿಸುತ್ತದೆ. ಇದರ ತೊಡಕು ಒಂದೇ: ಕರೆಂಟ್‌ನಿಂದ ಅಪಾಯವಾದಾಗ ಕೈ ಮೊದಲು ಹೋಗಬೇಕಾದದ್ದು ಸ್ವಿಚ್ಚಿಗೆ, ಗ್ಯಾಸ್‌ನಿಂದ ಅಪಾಯವಾದಾಗ ಕೈ ಹೋಗಲೇಬಾರದ್ದೂ ಸ್ವಿಚ್ಚಿಗೆ.

ವಾಸನೆ ಬಂದಾಗ

ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಇವಕ್ಕೆ ತಮ್ಮದೇ ವಾಸನೆ ಇಲ್ಲವೆಂದೇ ಹೇಳಬೇಕು. ಸೋರಿಕೆ ಗೊತ್ತಾಗಲಿ ಎಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ಕೆಟ್ಟ ನಾತದ ವಸ್ತುವನ್ನು ಬೇಕೆಂದೇ ಸೇರಿಸುತ್ತಾರೆ. ಗಾಳಿಯಲ್ಲಿ ಸುಮಾರು 2ರಿಂದ 9 ಶೇಕಡಾ ಎಲ್‌ಪಿಜಿ ಬೆರೆತರೆ ಅದು ಹೊತ್ತಿಕೊಳ್ಳಬಲ್ಲದು. ಈ ಅನಿಲ ಗಾಳಿಗಿಂತ ಭಾರ. ಹಾಗಾಗಿ ಸೋರಿದ್ದು ಮೇಲೇರದೆ ನೆಲದ ಮೇಲೆ ನೀರಿನಂತೆ ಹರಡಿ, ಕಟ್ಟೆಯ ಕೆಳಗೆ, ಮೂಲೆಯಲ್ಲಿ, ಓವನ್ನಿನ ಹಿಂದೆ ನಿಲ್ಲುತ್ತದೆ.

ಮಾಡಬೇಕಾದದ್ದು ಇಷ್ಟು. ಉರಿ ಇದ್ದರೆ ನಾಬ್ ತಿರುಗಿಸಿ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿಗಳನ್ನು ಪೂರ್ತಿ ತೆರೆಯಿರಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ. ಓವನ್ ಆನ್ ಇದ್ದರೂ ಅದರ ಸ್ವಿಚ್ ಮುಟ್ಟಬೇಡಿ. ಎಕ್ಸಾಸ್ಟ್ ಫ್ಯಾನ್ ಹಾಕಿ ಗ್ಯಾಸ್ ಓಡಿಸುತ್ತೇವೆ ಎನ್ನುವುದೂ ಬೇಡ. ಮೇನ್ ಸ್ವಿಚ್ ಮನೆಯ ಹೊರಗೆ, ವಾಸನೆ ತಲುಪದ ಕಡೆ ಇದ್ದರೆ ಮಾತ್ರ ಅಲ್ಲಿಂದ ಆರಿಸಿ. ಫೋನ್ ಮಾಡುವುದೂ ಹೊರಗೆ ಹೋದ ಮೇಲೆಯೇ. ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ 1906. ಈ ಸಂಖ್ಯೆಯನ್ನು ಈಗಲೇ ಸೇವ್ ಮಾಡಿಟ್ಟುಕೊಳ್ಳಿ. ಫಾರ್ವರ್ಡ್ ಮಾಡಲು ಯೋಗ್ಯವಾದದ್ದು ಇದು.

ಬೆಂಗಳೂರಿನ ಹಲವು ಬಡಾವಣೆಗಳಿಗೆ ಈಗ ಕೊಳವೆಯಲ್ಲಿ ಬರುವ ಗ್ಯಾಸ್ ಬೇರೆಯದು. ಅದು ಬಹುಪಾಲು ಮೀಥೇನ್, ಗಾಳಿಗಿಂತ ಹಗುರ. ಸೋರಿದರೆ ಸೂರಿನ ಕಡೆ ಏರುತ್ತದೆ. ಆಗಲೂ ಸ್ವಿಚ್ ಮುಟ್ಟಬಾರದು ಎಂಬ ನಿಯಮ ಬದಲಾಗುವುದಿಲ್ಲ.

ಸೋರಿಕೆ ಪತ್ತೆಗೆ ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಕೆಲವರಿಗೆ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ. ಸೋಪಿನ ನೀರನ್ನು ಪೈಪಿನ ಜೋಡಣೆಗೆ ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ.

ಪೈಪ್ ಎಂದಾಗ ರೇಂಜ್ ಇರುವ ಮನೆಗಳಲ್ಲಿ ನೋಡಲೇಬೇಕಾದ ಒಂದು ಜಾಗವಿದೆ: ಓವನ್ನಿನ ಬೆನ್ನು. ಸಾದಾ ಒಲೆಯ ಹಿಂದೆ ಪೈಪ್ ತಣ್ಣಗೆ ಇರುತ್ತದೆ. ಇಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಪೆಟ್ಟಿಗೆಯ ಹಿಂದೆ ಅದು ಹಾದುಹೋಗುತ್ತದೆ. ರಬ್ಬರ್ ಬಿಸಿಗೆ ಒಣಗಿ ಸೀಳುತ್ತದೆ. ಪೈಪ್ ಓವನ್ನಿಗೆ ತಾಗದಂತೆ, ಕರೆಂಟ್ ವೈರಿಗೆ ಸುತ್ತಿಕೊಳ್ಳದಂತೆ ಇರಬೇಕು. ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು, ನೋಡಲು ಚೆನ್ನಾಗಿಯೇ ಕಂಡರೂ ಸರಿ.

ಸಿಲಿಂಡರಿಗೆ 'ಎಕ್ಸ್‌ಪೈರಿ ಡೇಟ್' ಇದೆ, ಅದು ಮುಗಿದರೆ ಸಿಡಿಯುತ್ತದೆ ಎಂಬ ಹಳೆಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದರಲ್ಲಿ ಅರ್ಧ ನಿಜವಿದೆ. ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ 'ಬಿ-27' ಎಂಬಂತೆ ಬರೆದಿರುತ್ತದೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಬಿ-27 ಎಂದರೆ 2027ರ ಜೂನ್ ಒಳಗೆ ಆ ಸಿಲಿಂಡರನ್ನು ಮರುಪರೀಕ್ಷೆಗೆ ಕಳಿಸಬೇಕು. ಮರುದಿನ ಬೆಳಿಗ್ಗೆ ಅದು ಬಾಂಬ್ ಆಗುವುದಿಲ್ಲ. ಆದರೆ ಗಡುವು ದಾಟಿದ್ದನ್ನು ಮನೆಯೊಳಗೆ ತೆಗೆದುಕೊಳ್ಳದೆ ಬೇರೆ ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ಉರಿಯ ಬಣ್ಣ

"ಉರಿ ಹಳದಿಯಾದರೆ ಗ್ಯಾಸ್ ಕಲಬೆರಕೆ" ಎನ್ನುವವರಿದ್ದಾರೆ. ಹೆಚ್ಚಿನ ಸಲ ಕಾರಣ ಒಲೆಯಲ್ಲೇ ಇರುತ್ತದೆ. ಬರ್ನರ್ ತಲುಪುವ ಮೊದಲೇ ಗ್ಯಾಸ್ ಒಂದಷ್ಟು ಗಾಳಿಯನ್ನು ಎಳೆದುಕೊಂಡು ಬೆರೆಯಬೇಕು. ಸಾಕಷ್ಟು ಬೆರೆತರೆ ಪೂರ್ತಿ ಉರಿದು ನೀಲಿ ಬಣ್ಣ. ಬೆರೆಯದಿದ್ದರೆ ಅರೆಬೆಂದ ಇಂಗಾಲದ ಕಣಗಳು ಕಾದು ಹೊಳೆಯುತ್ತವೆ, ಅದೇ ಹಳದಿ. ಆ ಕಣಗಳೇ ಪಾತ್ರೆಯ ತಳಕ್ಕೆ ಹಿಡಿಯುವ ಮಸಿ. ಮಸಿಯಾದರೂ ಕಣ್ಣಿಗೆ ಕಾಣುತ್ತದೆ. ಜೊತೆಯಲ್ಲೇ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಜೀವ ತೆಗೆಯುವುದು ಇದೇ ಅನಿಲದಿಂದ. ಅಡುಗೆಮನೆ ದೊಡ್ಡದು, ಕಿಟಕಿ ಇರುತ್ತದೆ, ಹಾಗಾಗಿ ಅಪಾಯ ಕಡಿಮೆ. ಆದರೂ ದಿನವಿಡೀ ಹಳದಿಯಾಗಿ ಉರಿಯುವ ಒಲೆಯನ್ನು ಹಾಗೇ ಬಿಡುವುದು ಸರಿಯಲ್ಲ.

ಎಲ್ಲ ಹಳದಿಯೂ ಕೆಟ್ಟದ್ದಲ್ಲ. ಸಾರು ಉಕ್ಕಿ ಬರ್ನರ್ ಮೇಲೆ ಚೆಲ್ಲಿದಾಗ ಉರಿಯಲ್ಲಿ ಕಿತ್ತಳೆ ಹಳದಿ ಮಿಂಚು ಕಾಣುವುದು ಉಪ್ಪಿನ ಸೋಡಿಯಂನಿಂದ. ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತದೆ. ಹೋಗದೆ ಉಳಿದರೆ ಒಲೆ ತಣ್ಣಗಾದ ಮೇಲೆ ಬರ್ನರ್ ತೆಗೆದು ಬಿಸಿನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿ ಉಜ್ಜಿ, ತೂತುಗಳನ್ನು ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ಕೂರಿಸುವಾಗ ಮುಚ್ಚಳ ಒಂದು ಕೂದಲೆಳೆ ಓರೆಯಾದರೂ ಉರಿ ಒಂದು ಕಡೆ ಎದ್ದು ಇನ್ನೊಂದು ಕಡೆ ಸಾಯುತ್ತದೆ. ಮೆಕ್ಯಾನಿಕ್ ಕರೆಸುವ ಮೊದಲು ಇದನ್ನು ನೋಡಿ, ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ.

ಬರ್ನರಿನ ತೂತುಗಳಿಗೆ ಪಿನ್ ಹಾಕಬಹುದು. ಅದರ ಕೆಳಗೆ ಗ್ಯಾಸ್ ಚಿಮ್ಮುವ ಪುಟ್ಟ ಹಿತ್ತಾಳೆಯ ಜೆಟ್‌ಗೆ ಮಾತ್ರ ಸೂಜಿ ಚುಚ್ಚಬೇಡಿ. "ಸೂಜಿ ಹಾಕಿ ಅಗಲ ಮಾಡಿದರೆ ಉರಿ ಜೋರಾಗುತ್ತದೆ" ಎಂಬ ವಿಡಿಯೋಗಳನ್ನು ನಂಬಬೇಡಿ. ಜೆಟ್‌ನ ರಂಧ್ರ ಒಂದು ಮಿಲಿಮೀಟರಿಗಿಂತ ಸಣ್ಣದು, ಲೆಕ್ಕ ಹಾಕಿ ಕೊರೆದದ್ದು. ಅಗಲವಾದರೆ ಗ್ಯಾಸ್ ಹೆಚ್ಚು ಬರುತ್ತದೆ, ಅದಕ್ಕೆ ತಕ್ಕ ಗಾಳಿ ಬರುವುದಿಲ್ಲ. ಸಿಕ್ಕುವುದು ಹಳದಿ ಉರಿ ಮತ್ತು ಬೇಗ ಖಾಲಿಯಾಗುವ ಸಿಲಿಂಡರ್.

ಸಿಲಿಂಡರಿನಿಂದ ಕೊಳವೆ ಗ್ಯಾಸಿಗೆ ಬದಲಾದಾಗ ಜೆಟ್ ಬದಲಿಸಬೇಕಾದದ್ದೂ ಇದೇ ಲೆಕ್ಕಕ್ಕೆ. ಒಂದೇ ಅಳತೆಯ ಪಾತ್ರೆಯಲ್ಲಿ ತುಂಬಿದರೆ ಎಲ್‌ಪಿಜಿ ಕೊಡುವ ಶಾಖ ಮೀಥೇನ್‌ಗಿಂತ ಎರಡೂವರೆ ಪಟ್ಟು. ಆದ್ದರಿಂದ ಎಲ್‌ಪಿಜಿಯ ಜೆಟ್ ಸಣ್ಣದು. ಎಲ್‌ಪಿಜಿ ಜೆಟ್‌ನಲ್ಲಿ ಕೊಳವೆ ಗ್ಯಾಸ್ ಬಿಟ್ಟರೆ ಉರಿ ಸಪ್ಪೆ, ಅಷ್ಟೆ. ತಿರುವುಮುರುವಾದರೆ ಉರಿ ಆಳೆತ್ತರಕ್ಕೆ ಎದ್ದೀತು. ವಿದೇಶದಲ್ಲಿ ಕೊಂಡ ರೇಂಜನ್ನು ಊರಿಗೆ ತಂದು ಸಿಲಿಂಡರಿಗೆ ಜೋಡಿಸುವವರು ಇದನ್ನು ತಿಳಿದಿರಬೇಕು. ಆ ಕೆಲಸ ಕಂಪನಿಯ ಮೆಕ್ಯಾನಿಕ್ಕೇ ಮಾಡಲಿ.

ನಾಬ್ ಏಕೆ ಒತ್ತಿ ಹಿಡಿಯಬೇಕು?

"ಹೊಸ ಒಲೆ ಕೆಟ್ಟಿದೆ, ಕೈ ಬಿಟ್ಟರೆ ಉರಿ ಆರಿಹೋಗುತ್ತದೆ" ಎನ್ನುವುದು ಸಾಮಾನ್ಯ ದೂರು. ಅನೇಕ ರೇಂಜ್‌ಗಳಲ್ಲಿ ಪ್ರತಿ ಬರ್ನರ್ ಪಕ್ಕ ಪೆನ್ಸಿಲ್ ಮೊನೆಯಂಥ ಒಂದು ಲೋಹದ ಕಡ್ಡಿ ಇರುತ್ತದೆ. ಅದು ಥರ್ಮೋಕಪಲ್. ಎರಡು ಬೇರೆ ಲೋಹಗಳ ಜೋಡಣೆ ಕಾದಾಗ ಕೆಲವು ಮಿಲಿವೋಲ್ಟ್‌ಗಳಷ್ಟು ವಿದ್ಯುತ್ತು ಹುಟ್ಟುತ್ತದೆ. ಅಷ್ಟರಲ್ಲೇ ಒಂದು ಪುಟ್ಟ ವಿದ್ಯುತ್ಕಾಂತ ಗ್ಯಾಸಿನ ವಾಲ್ವನ್ನು ತೆರೆದಿಡುತ್ತದೆ. ಹಾಲು ಉಕ್ಕಿಯೋ ಗಾಳಿಗೋ ಉರಿ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ನಾವು ಕೆಲವು ಸೆಕೆಂಡು ನಾಬ್ ಒತ್ತಿ ಹಿಡಿಯುವುದು ಆ ಕಡ್ಡಿ ಕಾಯುವವರೆಗೆ.

ಇಡೀ ರೇಂಜಿನಲ್ಲಿ ನಮಗೆ ಅತ್ಯಂತ ಇಷ್ಟವಾದ ಭಾಗ ಇದು. ಕರೆಂಟ್ ಹೋದರೂ ಕೆಲಸ ಮಾಡುತ್ತದೆ, ಏಕೆಂದರೆ ತನ್ನ ಕರೆಂಟನ್ನು ತಾನೇ ಉರಿಯಿಂದ ಮಾಡಿಕೊಳ್ಳುತ್ತದೆ. ಮೊನೆಗೆ ಮಸಿ, ಎಣ್ಣೆಜಿಡ್ಡು ಹಿಡಿದರೆ ಬೇಗ ಕಾಯುವುದಿಲ್ಲ. ತಣ್ಣಗಿದ್ದಾಗ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತೊಂದರೆ ಎಂದು ಇದನ್ನು ತೆಗೆಸಿಹಾಕುವವರಿದ್ದಾರೆ. ಹಾಗೆ ಮಾಡಬೇಡಿ, ಮರೆವಿನ ಹಿರಿಯರು ಮನೆಯಲ್ಲಿದ್ದರಂತೂ ಬೇಡವೇ ಬೇಡ.

ಕೆಳಗಿನ ಅರ್ಧ

ಓವನ್ನಿನ ಬಗ್ಗೆ ಮೊದಲು ಕೇಳಬೇಕಾದದ್ದು ಎಷ್ಟು ವ್ಯಾಟ್ ಎಂದು. 2000 ವ್ಯಾಟ್ ಓವನ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಇದು ಮೀರಿದ ಹೊರೆ. ಸಾಕೆಟ್ ಕಪ್ಪಾಗುವುದು, ಪ್ಲಗ್ ಮೆತ್ತಗಾಗುವುದು ಇದರಿಂದ. ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಬೇಕು, ಅಲ್ಲಿ ಬೇರೇನನ್ನೂ ಸಿಕ್ಕಿಸಬಾರದು. ದಪ್ಪ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಇಳಿಸುವ ಕನ್ವರ್ಟರ್ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ಅದು ಸುರಕ್ಷಿತ ಎನ್ನುವುದಕ್ಕೆ ಪುರಾವೆಯಲ್ಲ. ಎರಡು ಓವನ್ ಇರುವ ದೊಡ್ಡ ರೇಂಜ್‌ಗಳಿಗೆ ಪ್ರತ್ಯೇಕ ಲೈನನ್ನೇ ಎಳೆಯಬೇಕಾಗುತ್ತದೆ.

ಮೂರನೆಯ ಪಿನ್ ಅರ್ತಿಂಗ್. ಒಲೆ ಮುಟ್ಟಿದಾಗ ಜುಮ್ಮೆಂದರೆ "ಸ್ವಲ್ಪ ಶಾಕ್, ಪರವಾಗಿಲ್ಲ" ಎನ್ನಬೇಡಿ. ಇಲ್ಲಿ ಸ್ವಿಚ್ ಆರಿಸುವುದೇ ಮೊದಲ ಕೆಲಸ, ಗ್ಯಾಸ್ ವಾಸನೆ ಇಲ್ಲವೆಂದು ಖಚಿತವಿದ್ದರೆ. ಆಮೇಲೆ ಎಲೆಕ್ಟ್ರಿಷಿಯನ್.

ಓವನ್ ಒಳಗೆ ಬೆಂಕಿ ಹತ್ತಿದರೆ ಬಾಗಿಲು ತೆರೆಯಬೇಡಿ. ಕರೆಂಟ್ ಆರಿಸಿ ಮುಚ್ಚಿಯೇ ಇಡಿ, ಗಾಳಿ ಸಿಗದೆ ಆರುತ್ತದೆ. ಮೇಲಿನ ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಿ. ನೀರು ಹಾಕಿದರೆ ಅದು ಒಮ್ಮೆಲೇ ಆವಿಯಾಗಿ ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು: ತೆರೆದ ಓವನ್ ಬಾಗಿಲ ಮೇಲೆ ಮಗು ಹತ್ತಿದರೆ ಇಡೀ ರೇಂಜ್ ಮುಂದಕ್ಕೆ ವಾಲಬಹುದು, ಮೇಲಿರುವ ಬಿಸಿ ಪಾತ್ರೆಯ ಸಮೇತ. ಗೋಡೆಗೆ ಬಿಗಿಯುವ ಕ್ಲಾಂಪ್ ಪೆಟ್ಟಿಗೆಯಲ್ಲೇ ಬಂದಿದ್ದರೆ ಹಾಕಿಸಿ.

ಸೋಡಾ, ವಿನೆಗರ್, ಫಾಯಿಲ್

ಅಡುಗೆ ಸೋಡಾ ಮೇಲೆ ವಿನೆಗರ್ ಸುರಿದರೆ ಬುಸ್ ಎಂದು ನೊರೆ ಬರುವ ವಿಡಿಯೋ ನೋಡಲು ಚೆಂದ. ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿದಾಗ ಒಂದರ ಶಕ್ತಿಯನ್ನು ಇನ್ನೊಂದು ಕಳೆದು, ಉಳಿಯುವುದು ಬಹುಪಾಲು ಸೋಡಿಯಂ ಅಸಿಟೇಟ್ ಬೆರೆತ ನೀರು. ಸೋಡಾವನ್ನು ನೀರಿನಲ್ಲಿ ಕಲಸಿ ಜಿಡ್ಡಿನ ಮೇಲೆ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಒರೆಸುವುದೇ ಮೇಲು. ಕಾಯುವ ಕಾಯಿಲ್ ಮೇಲೆ ಮಾತ್ರ ಹಚ್ಚಬೇಡಿ. ಇನ್ನೂ ಒಂದು ಎಚ್ಚರ: ಬ್ಲೀಚ್ ಮತ್ತು ಟಾಯ್ಲೆಟ್ ಕ್ಲೀನರ್ ಬೆರೆಸಿ ತಿಕ್ಕುವ ಸಲಹೆ ಬಂದರೆ ಅಲ್ಲೇ ಅಳಿಸಿಹಾಕಿ, ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಓವನ್ ತಳಕ್ಕೆ ಫಾಯಿಲ್ ಹಾಸಿದರೆ ತೊಳೆಯುವ ಕೆಲಸ ಉಳಿಯುತ್ತದೆ ಎಂಬುದೂ ಜನಪ್ರಿಯ. ಹಲವು ಓವನ್ನುಗಳಲ್ಲಿ ತಳದ ಕೆಳಗೇ ಕಾಯಿಲ್ ಇರುತ್ತದೆ. ಫಾಯಿಲ್ ಶಾಖವನ್ನು ತಡೆದು ಕೇಕ್ ಅಡಿ ಹಸಿ, ತಲೆ ಕಪ್ಪು ಆಗುತ್ತದೆ. ತಳದ ಎನಾಮೆಲ್ ಕೂಡ ಹಾಳಾಗುತ್ತದೆ. ಕಾದ ಬಾಗಿಲ ಗಾಜಿಗೆ, ಗಾಜಿನ ಮೇಲ್ಮೈಯ ಒಲೆಗೆ ಒದ್ದೆ ಬಟ್ಟೆ ತಾಗಿಸಬೇಡಿ. ಟಫನ್ಡ್ ಗಾಜು ಬಿರುಕು ಬಿಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ.

ಕರಾವಳಿ, ಮಲೆನಾಡಿನವರು ಕೇಳುವ ಪ್ರಶ್ನೆ ಒಂದಿದೆ: ಮಳೆಗಾಲ ಪೂರ್ತಿ ಮುಚ್ಚಿಟ್ಟ ಓವನ್ ಹಾಕಿದ ತಕ್ಷಣ ಮನೆಯ ಕರೆಂಟೇ ಏಕೆ ಹೋಗುತ್ತದೆ? ಕಾಯಿಲ್ ಒಳಗೆ ತಂತಿಯ ಸುತ್ತ ತುಂಬಿರುವ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಹೀರುತ್ತದೆ. ತೇವದ ಮೂಲಕ ಸ್ವಲ್ಪ ಕರೆಂಟ್ ಹೊರಮೈಗೆ ಸೋರುತ್ತದೆ, 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ತನ್ನ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಖಾಲಿ ಓವನ್ನನ್ನು 100 ಡಿಗ್ರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಪುಡಿ ಒಣಗಿರುತ್ತದೆ. ಈಗಾಗಲೇ ಬೀಳುತ್ತಿದ್ದರೆ ಎಲೆಕ್ಟ್ರಿಷಿಯನ್ ಪರೀಕ್ಷಿಸಿ ಕಾಯಿಲ್ ಒಣಗಿಸಬೇಕು ಅಥವಾ ಬದಲಿಸಬೇಕು. ಆರ್‌ಸಿಸಿಬಿ ತೆಗೆದು ನೇರ ಕನೆಕ್ಷನ್ ಕೊಡುತ್ತೇನೆ ಎನ್ನುವವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.