ಔಷಧದಾನ, ಅಭಯದಾನ ಮತ್ತು ರಕ್ತದ ಹೆಪ್ಪು

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳು ಶ್ರಾವಕನಿಗೆ ವಿಹಿತವಾದವು. ಔಷಧದಾನವೇ ಅಭಯದಾನಕ್ಕೆ ವಿರೋಧವಾದಾಗ ಮಾಡತಕ್ಕದ್ದೇನು? ಪ್ರಶ್ನೆ ಹೊಸದಲ್ಲ. ‘ಕವಿರಾಜಮಾರ್ಗ’ವು ನಮ್ಮ ಕೊಪಣವನ್ನು ಕನ್ನಡದ ತಿರುಳು ನಾಡಿನಲ್ಲಿ ಹೆಸರಿಸಿದ ಒಂಬತ್ತನೆಯ ಶತಮಾನದಲ್ಲಿಯೇ, ನೃಪತುಂಗನ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯರು ಚಿಕಿತ್ಸೆಗೆ ಮಾಂಸವು ಅನವಶ್ಯಕವೆಂದು ಪ್ರತಿಪಾದಿಸಿದರು. ಅವರು ಬರಿದೆ ನಿಷೇಧಿಸಲಿಲ್ಲ. ಮದ್ಯ, ಮಾಂಸ, ಮಧುಗಳಿಲ್ಲದ ಔಷಧಗಳನ್ನು ‘ಕಲ್ಯಾಣಕಾರಕ’ದಲ್ಲಿ ತೋರಿಸಿಕೊಟ್ಟರು.

ಇಂದು ಅದೇ ಪ್ರಶ್ನೆ ಕ್ಯಾನ್ಸರ್ ರೋಗಿಯ ಹಾಸಿಗೆಯ ಬಳಿ ಎದ್ದಿದೆ. ಈ ರೋಗದಲ್ಲಿ ರಕ್ತವು ನಾಳದೊಳಗೆ ಹೆಪ್ಪುಗಟ್ಟುವ ಸಂಭವ ಹೆಚ್ಚು. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ. ಪ್ಯಾರಿಸಿನ ವೈದ್ಯ ತ್ರೂಸೋ ಈ ಸಂಬಂಧವನ್ನು 1865ರಲ್ಲಿ ವಿವರಿಸಿದರು. 1867ರಲ್ಲಿ ತಮ್ಮ ದೇಹದಲ್ಲಿಯೇ ಅದನ್ನು ಕಂಡು, ಜಠರದ ಕ್ಯಾನ್ಸರಿನಿಂದ ತೀರಿಕೊಂಡರು.

ಹೆಪ್ಪನ್ನು ತಡೆಯುವ ಹೆಪಾರಿನ್ ಅಮೆರಿಕದಲ್ಲಿ 1916ರಲ್ಲಿ ಬೆಳಕಿಗೆ ಬಂದಿತು. ಇಂದಿಗೂ ಅದರ ಮುಖ್ಯ ಮೂಲ ಹಂದಿಯ ಕರುಳು. ಅದರಿಂದಲೇ ತಯಾರಾಗುವ ಡಾಲ್ಟೆಪಾರಿನ್ ಚುಚ್ಚುಮದ್ದು, ವಾರ್ಫರಿನ್ ವರ್ಗದ ಗುಳಿಗೆಗಳಿಗೆ ಹೋಲಿಸಿದರೆ, ಆರು ತಿಂಗಳಲ್ಲಿ ಹೆಪ್ಪು ಮರುಕಳಿಸುವ ಪ್ರಮಾಣವನ್ನು ಶೇಕಡಾ 17ರಿಂದ 9ಕ್ಕೆ ಇಳಿಸಿತೆಂದು 2003ರ ಅಧ್ಯಯನ ತೋರಿಸಿತು. ಪ್ರಾಣ ಉಳಿಸುವ ಮದ್ದು ಪ್ರಾಣಿಹಿಂಸೆಯಿಂದಲೇ ಬರಬೇಕೆ? ಇದಕ್ಕೆ ಉತ್ತರ ವಿಜ್ಞಾನದಿಂದಲೇ ಬಂದಿತು. 2020ರ ಅಧ್ಯಯನವೊಂದರಲ್ಲಿ, ರಾಸಾಯನಿಕವಾಗಿ ಸಿದ್ಧಪಡಿಸಿದ ಎಪಿಕ್ಸಾಬಾನ್ ಗುಳಿಗೆ ಪಡೆದವರಲ್ಲಿ ಹೆಪ್ಪು ಮರುಕಳಿಸಿದ್ದು ಶೇಕಡಾ 5.6, ಡಾಲ್ಟೆಪಾರಿನ್ ಪಡೆದವರಲ್ಲಿ 7.9. ಗಂಭೀರ ರಕ್ತಸ್ರಾವವೂ ಹೆಚ್ಚಲಿಲ್ಲ.

ಆದರೂ ಲೆಕ್ಕ ಚುಕ್ತಾ ಆಗಿಲ್ಲ. ವಾಂತಿಯಾಗುವವರಿಗೆ ಗುಳಿಗೆ ದಕ್ಕದು; ಜಠರ, ಕರುಳಿನ ಕ್ಯಾನ್ಸರಿನಲ್ಲಿ ಈ ವರ್ಗದ ಕೆಲವು ಗುಳಿಗೆಗಳಿಂದ ರಕ್ತಸ್ರಾವದ ಭಯವಿದೆ. ಅಂಥವರಿಗೆ ಚುಚ್ಚುಮದ್ದೇ ಗತಿ. ಯಾವ ರೋಗಿಗೆ ಮುಂಚಿತವಾಗಿಯೇ ಮದ್ದು ಕೊಡಬೇಕು, ಎಷ್ಟು ಕಾಲ ಕೊಡಬೇಕು, ಪ್ರಾಣಿಮೂಲವಲ್ಲದ ಹೆಪಾರಿನ್ ಎಲ್ಲರಿಗೂ ಸಾಕಾಗುವಷ್ಟು ತಯಾರಾಗುವುದೆಂತು ಎಂಬ ವಿಷಯಗಳಲ್ಲಿ ಇನ್ನೂ ಸಂಶೋಧನೆ ಬೇಕು. ಬಹುಕಾಲ ಅಲುಗದೆ ಕುಳಿತರೆ ಹೆಪ್ಪುಗಟ್ಟುವ ಸಂಭವ ಏರುತ್ತದೆ. ಹಾಗಾದರೆ ಹನುಮಸಾಗರದಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಇಡೀ ರಾತ್ರಿ ಬಸ್ಸಿನಲ್ಲಿ ಪಯಣಿಸುವ ರೋಗಿಯ ಅಪಾಯವೆಷ್ಟು? ಇದನ್ನು ನಮ್ಮ ನಾಡಿನ ರೋಗಿಗಳಲ್ಲಿಯೇ ಅಳೆಯಬೇಕು.

ಅಲ್ಲಿಯವರೆಗೆ ವೈದ್ಯರು ವಿಧಿಸಿದ ಚುಚ್ಚುಮದ್ದನ್ನು ಅಹಿಂಸೆಯ ಹೆಸರಿನಲ್ಲಿ ರೋಗಿಗೆ ತಪ್ಪಿಸುವುದು ಸಲ್ಲದು, ಅದೂ ಹಿಂಸೆಯೇ. ಬದಲಿ ಮದ್ದು ಹೊಂದುವುದೇ ಎಂದು ವೈದ್ಯರನ್ನು ಕೇಳುವುದು ಯುಕ್ತ. ಬಸದಿಗಳ ಟ್ರಸ್ಟುಗಳು ಔಷಧದಾನದ ನಿಧಿಯಲ್ಲಿ ಒಂದಂಶವನ್ನು ಇಂಥ ಸಂಶೋಧನೆಗೆ ಮೀಸಲಿಟ್ಟರೆ, ಉಗ್ರಾದಿತ್ಯರು ಹಿಡಿದ ದಾರಿಯನ್ನು ನಾವೂ ಹಿಡಿದಂತಾದೀತು.