ಆಟದ ಬಯಲಿನ ಮಧ್ಯಸ್ಥ

ಮಂಚೇನಹಳ್ಳಿಯ ಸುತ್ತಣ ಗ್ರಾಮಗಳಲ್ಲಿ ಹುಡುಗರು ಚಿಣ್ಣಿದಾಂಡು ಲಗೋರಿಗಳನ್ನು ಆಡುವಾಗ ತೀರ್ಪುಗಾರನೆಂಬುವನು ಬೇರೆ ಇರುವುದಿಲ್ಲ. ಚಿಣ್ಣಿಯು ನೆಲವನ್ನು ಮುಟ್ಟುವುದಕ್ಕೆ ಮುಂಚೆಯೇ ಕೈಗೆ ಸಿಕ್ಕಿತೋ ಇಲ್ಲವೋ ಎಂಬ ವಿವಾದವುಂಟಾದರೆ ಎರಡು ಪಕ್ಷದವರೂ ಕೂಗಾಡುತ್ತಾರೆ, ಆಣೆಯಿಡುತ್ತಾರೆ; ಕಡೆಗೆ ಯಾವನೋ ಒಬ್ಬ ಹಿರಿಯ ಹುಡುಗನ ಮಾತಿಗೆ ಒಪ್ಪಿ ಆಟವನ್ನು ಮುಂದುವರಿಸುತ್ತಾರೆ. ಒಪ್ಪದಿದ್ದರೆ ಆಟವೇ ನಿಂತುಹೋಗುವುದೆಂಬ ಭಯವೊಂದೇ ಅಲ್ಲಿಯ ಶಾಸನ. ಇಂದು ಶಾಲೆಯ ಬಯಲಿನಲ್ಲಿ ಸೀಟಿಯನ್ನು ಹಿಡಿದು ನಿಲ್ಲುವ ತೀರ್ಪುಗಾರನ ಹುಟ್ಟನ್ನು ಅರಸುತ್ತ ಹೋದರೆ ಚರಿತ್ರೆಯು ಸೇರುವುದು ಇಂಥದೇ ಒಂದು ಸ್ಥಿತಿಗೆ.

ಕಾಲ್ಚೆಂಡಾಟದ ನಿಯಮಗಳು ಲಂಡನ್ ನಗರದಲ್ಲಿ ೧೮೬೩ರಲ್ಲಿ ಕ್ರಮವಾಗಿ ಬರೆಯಲ್ಪಟ್ಟುವು. ಆ ನಿಯಮಾವಳಿಯಲ್ಲಿ ತೀರ್ಪುಗಾರನ ಪ್ರಸ್ತಾಪವೇ ಇಲ್ಲ. ಅದನ್ನು ಬರೆದವರಲ್ಲಿ ಅನೇಕರು ದೊಡ್ಡ ಮನೆತನಗಳ ಮಕ್ಕಳು ಓದುವ ಶಾಲೆಗಳಲ್ಲಿ ಆಟವನ್ನು ಕಲಿತವರು. ಸಭ್ಯನಾದವನು ಬೇಕೆಂದು ತಪ್ಪುಮಾಡನು, ತಿಳಿಯದೆ ಮಾಡಿದರೆ ತಾನೇ ಒಪ್ಪಿಕೊಳ್ಳುವನು ಎಂಬುದು ಅವರ ನಂಬಿಕೆ. ಆದರೆ ಪಂದ್ಯಗಳು ಹೆಚ್ಚಿದವು. ಪಣವೂ ಪ್ರತಿಷ್ಠೆಯೂ ಬೆಳೆದವು. ನಂಬಿಕೆಯು ಸಾಲದೆ ಬಂದಿತು. ೧೮೭೪ರ ವೇಳೆಗೆ ಪಕ್ಷಕ್ಕೊಬ್ಬನಂತೆ ಇಬ್ಬರು ಅಂಪೈರುಗಳು ನಿಯಮದೊಳಕ್ಕೆ ಬಂದರು. ತನ್ನವರ ಕಡೆಗೆ ವಾಲುವುದು ಮನುಷ್ಯಸ್ವಭಾವವಷ್ಟೆ. ಅವರಿಬ್ಬರಲ್ಲಿ ಒಮ್ಮತ ಹುಟ್ಟದಿದ್ದಾಗ ಮೂರನೆಯವನೊಬ್ಬನ ಬಳಿಗೆ ಹೋಗುವ ಪದ್ಧತಿ ಬೆಳೆಯಿತು. ೧೮೮೧ರಲ್ಲಿ ಅವನಿಗೂ ನಿಯಮಾವಳಿಯಲ್ಲಿ ಸ್ಥಾನ ದೊರೆಯಿತು. ರೆಫರಿ ಎಂಬ ಮಾತಿಗೆ, ಯಾವನ ಬಳಿಗೆ ವಿವಾದವನ್ನು ಒಯ್ಯುವರೋ ಅವನು ಎಂದೇ ಅರ್ಥ. ಅವನು ಗೆರೆಯ ಹೊರಗೆ ನಿಂತಿರುವನು. ಕೇಳಿದರೆ ಮಾತ್ರ ಹೇಳುವನು. ಊರ ಪಂಚಾಯಿತಿಯ ಕಟ್ಟೆಯಲ್ಲಿ ಕುಳಿತ ಮಧ್ಯಸ್ಥನಿಗೂ ಅವನಿಗೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

೧೮೯೧ರಲ್ಲಿ ಈ ಮಧ್ಯಸ್ಥನು ಬಯಲಿನೊಳಕ್ಕೆ ಕಾಲಿಟ್ಟನು. ಅಂಪೈರುಗಳಿಬ್ಬರೂ ಗೆರೆಯ ಕಾವಲುಗಾರರಾದರು. ಗೋಲಿನ ಬಳಿಯಲ್ಲಿ ಮಾಡಿದ ತಪ್ಪಿಗೆ ಪೆನಾಲ್ಟಿ ಎಂಬ ದಂಡನೆಯು ಏರ್ಪಟ್ಟುದೂ ಅದೇ ವರ್ಷದಲ್ಲಿ. ಅದನ್ನು ಸೂಚಿಸಿದವನು ಐರ್ಲೆಂಡಿನ ವಿಲಿಯಂ ಮೆಕ್‌ಕ್ರಮ್ ಎಂಬ ಗೋಲುರಕ್ಷಕ. ಆಟಗಾರರು ಮೋಸಗಾರರೆಂದು ನಿಯಮವೇ ಊಹಿಸಿಕೊಳ್ಳುವುದು ಅವಮಾನವಲ್ಲವೆ ಎಂದು ಆಗ ಕೆಲವರು ಸಿಟ್ಟುಗೊಂಡರು. ಅವರ ಸಿಟ್ಟಿನಲ್ಲಿ ಸತ್ಯವಿಲ್ಲದಿರಲಿಲ್ಲ. ಸೀಟಿಗೆ ಸಂದ ಒಂದೊಂದು ಅಧಿಕಾರವೂ ಆಟಗಾರನ ಮಾತಿನ ಮೇಲಣ ವಿಶ್ವಾಸವು ಒಂದೊಂದಾಗಿ ಕಳೆದುಹೋದುದಕ್ಕೆ ಗುರುತಾಗಿದೆ.

ಮುಂದಿನ ಶತಮಾನದಲ್ಲಿಯೂ ಕಥೆಯು ಹೀಗೆಯೇ ನಡೆಯಿತು. ೧೯೬೬ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡಿಗೂ ಅರ್ಜೆಂಟೀನಕ್ಕೂ ನಡೆದ ಪಂದ್ಯದಲ್ಲಿ ಜರ್ಮನಿಯ ತೀರ್ಪುಗಾರನು ಅರ್ಜೆಂಟೀನದ ನಾಯಕನಾದ ರಾಟಿನ್ನನನ್ನು ಹೊರಕ್ಕೆ ಕಳುಹಿಸಿದನು. ಒಬ್ಬನ ಭಾಷೆ ಇನ್ನೊಬ್ಬನಿಗೆ ತಿಳಿಯದು. ನಾಯಕನು ಬಹಳ ಹೊತ್ತು ಬಯಲನ್ನು ಬಿಟ್ಟು ಕದಲಲಿಲ್ಲ. ಆ ಗೊಂದಲದ ಬಳಿಕ ಕೆನ್ ಆಸ್ಟನ್ ಎಂಬ ತೀರ್ಪುಗಾರನು ಬೀದಿಯ ದೀಪಗಳ ಬಣ್ಣವನ್ನು ಕಂಡು ಹಳದಿ ಮತ್ತು ಕೆಂಪು ಚೀಟಿಗಳ ಉಪಾಯವನ್ನು ಯೋಚಿಸಿದನು. ೧೯೭೦ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಅವು ಬಳಕೆಗೆ ಬಂದುವು. ಈ ಆಸ್ಟನ್ ಮಹಾಶಯನು ವೃತ್ತಿಯಿಂದ ಶಾಲಾ ಉಪಾಧ್ಯಾಯನಾಗಿದ್ದನೆಂಬುದು ಗಮನಾರ್ಹವಾದ ಸಂಗತಿ. ಮಕ್ಕಳಿಗೆ ಗದ್ದಲವಿಲ್ಲದೆ ಎಚ್ಚರಿಕೆ ಹೇಳುವುದು ಹೇಗೆಂದು ಬಲ್ಲವನೇ ಜಗತ್ತಿನ ದೊಡ್ಡವರಿಗೂ ಆ ಪಾಠವನ್ನು ಕಲಿಸಿದನು.

ಕನ್ನಡ ನಾಡಿಗೆ ಈ ಆಟವು ಬಹುಮಟ್ಟಿಗೆ ದಂಡಿನ ಮೂಲಕ ಬಂದಿತು. ಬೆಂಗಳೂರಿನ ಕಂಟೋನ್‌ಮೆಂಟಿನಲ್ಲಿ ಗೋರಾ ಸಿಪಾಯಿಗಳು ಆಡುತ್ತಿದ್ದುದನ್ನು ಗೆರೆಯ ಹೊರಗೆ ನಿಂತು ನೋಡಿದ ಹುಡುಗರು ಬರಿಗಾಲಿನಲ್ಲಿ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. ೧೯೪೬ರಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ಈ ಗೆಲವುಗಳ ಹಿಂದೆ ಸಂಸ್ಥಾನದ ಪ್ರೇಕ್ಷಕರ ಉತ್ಸಾಹವೂ ಇದ್ದಿತು. ಪ್ರೇಕ್ಷಕನಿಲ್ಲದ ಆಟವು ಕೇಳುವವರಿಲ್ಲದ ಸಂಗೀತದಂತೆ ಸೊರಗುವುದು. ಆದರೆ ಪ್ರೇಕ್ಷಕನು ತಾನೇ ತೀರ್ಪುಗಾರನಾಗಲು ಹೊರಟಾಗ ಏನಾಗುವುದೆಂಬುದಕ್ಕೂ ಈ ದೇಶದಲ್ಲಿ ದೃಷ್ಟಾಂತವುಂಟು.

೧೯೮೦ರ ಆಗಸ್ಟ್ ೧೬ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್ ಮೈದಾನದಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳು ಆಡುತ್ತಿದ್ದುವು. ಇಬ್ಬರು ಆಟಗಾರರ ನಡುವಣ ಘರ್ಷಣೆಯು ಬಯಲಿನಿಂದ ಮೆಟ್ಟಿಲುಸಾಲಿಗೆ ಹಾರಿತು. ಎರಡು ಪಕ್ಷಗಳ ಅಭಿಮಾನಿಗಳು ಕೈಕೈ ಮಿಲಾಯಿಸಿದರು. ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಪ್ರಾಣಬಿಟ್ಟರು. ಸತ್ತವರಲ್ಲಿ ಅನೇಕರು ಎಳೆಯ ವಯಸ್ಸಿನವರು. ಆ ದಿನವನ್ನು ಕಲ್ಕತ್ತೆಯ ಜನರು ರಕ್ತದಾನದಿಂದ ನೆನೆಯುತ್ತ ಬಂದಿದ್ದಾರೆ. ಆಟಕ್ಕಾಗಿ ವೃಥಾ ಚೆಲ್ಲಿದ ರಕ್ತಕ್ಕೆ ಇದಕ್ಕಿಂತ ಯೋಗ್ಯವಾದ ತರ್ಪಣವಿರಲಾರದು.

ಅದು ದೊಡ್ಡವರ ಪಂದ್ಯ, ಮಕ್ಕಳ ಆಟದಲ್ಲಿ ಅಂಥದೇನಿದೆ ಎಂದು ಕೇಳುವವರಿರಬಹುದು. ಹಾಲೆಂಡ್ ದೇಶದ ಆಲ್ಮೀರೆ ಎಂಬ ಊರಿನಲ್ಲಿ ೨೦೧೨ರ ಡಿಸೆಂಬರಿನಲ್ಲಿ ನಡೆದುದು ಮಕ್ಕಳ ಪಂದ್ಯವೇ. ತನ್ನ ಮಗನು ಆಡುತ್ತಿದ್ದ ಪಂದ್ಯದಲ್ಲಿ ಒಬ್ಬ ತಂದೆಯು ಸಂಬಳವಿಲ್ಲದೆ ಗೆರೆಯ ಕಾವಲುಗಾರನಾಗಿ ನಿಂತಿದ್ದನು. ಆಟ ಮುಗಿದ ಮೇಲೆ ಎದುರು ತಂಡದ ಹುಡುಗರು ಅವನನ್ನು ಕೆಡವಿ ಒದೆದರು. ಮರುದಿನ ಅವನು ತೀರಿಕೊಂಡನು. ನ್ಯಾಯಾಲಯವು ಶಿಕ್ಷಿಸಿದವರಲ್ಲಿ ಹದಿಹರೆಯದ ಹುಡುಗರ ಸಂಗಡ ಅವರಲ್ಲೊಬ್ಬನ ತಂದೆಯೂ ಇದ್ದನು. ಮಗನು ಬಯಲಿನಲ್ಲಿ ಕಲಿಯುವುದು ಅರ್ಧ, ಗೆರೆಯ ಹೊರಗೆ ನಿಂತವರಿಂದ ಕಲಿಯುವುದು ಇನ್ನರ್ಧ ಎಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನವು ಬೇಕಾಗಿಲ್ಲ. ಇಂಗ್ಲೆಂಡಿನ ಸಂಘವು ಇದಕ್ಕೆ ನಾಲ್ಕು ವರ್ಷ ಮೊದಲೇ, ೨೦೦೮ರಲ್ಲಿ, ಮಕ್ಕಳ ಪಂದ್ಯಗಳಲ್ಲಿ ಪ್ರೇಕ್ಷಕರನ್ನು ಗೆರೆಯಿಂದ ದೂರದಲ್ಲಿ ನಿಲ್ಲಿಸುವ ಮತ್ತು ತೀರ್ಪುಗಾರನೊಡನೆ ನಾಯಕನೊಬ್ಬನೇ ಮಾತನಾಡುವ ಏರ್ಪಾಡನ್ನು ಆರಂಭಿಸಿದ್ದಿತು.

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ೨೦೨೩ರ ಮಾರ್ಚ್ ೩ರಂದು ನಡೆದ ಸಂಗತಿಯು ಈ ವಿಚಾರಕ್ಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಬೆಂಗಳೂರು ತಂಡಕ್ಕೂ ಕೇರಳ ತಂಡಕ್ಕೂ ಪಂದ್ಯ, ನಿಯತಕಾಲದಲ್ಲಿ ಗೋಲಿಲ್ಲ. ಹೆಚ್ಚಿನ ಅವಧಿಯಲ್ಲಿ ದೊರೆತ ಫ್ರೀ ಕಿಕ್ಕನ್ನು ಸುನೀಲ್ ಛೇತ್ರಿಯು, ಎದುರಾಳಿಗಳು ಅಣಿಯಾಗುವುದಕ್ಕೆ ಮುಂಚೆಯೇ, ಗೋಲಿನೊಳಕ್ಕೆ ಒದೆದನು. ತೀರ್ಪುಗಾರನಾದ ಕ್ರಿಸ್ಟಲ್ ಜಾನ್ ಅದನ್ನು ಎಣಿಕೆಗೆ ಹಿಡಿದನು. ಕೇರಳದ ತರಬೇತುಗಾರನು ತನ್ನವರನ್ನು ಬಯಲಿನಿಂದ ಹೊರಕ್ಕೆ ಕರೆದುಕೊಂಡನು, ಅವರು ಹಿಂದಿರುಗಲಿಲ್ಲ. ಆ ತಂಡಕ್ಕೆ ನಾಲ್ಕು ಕೋಟಿ ರೂಪಾಯಿಗಳ ದಂಡವೂ ತರಬೇತುಗಾರನಿಗೆ ಹತ್ತು ಪಂದ್ಯಗಳ ನಿಷೇಧವೂ ವಿಧಿಸಲ್ಪಟ್ಟುವು.

ಇಲ್ಲಿ ಎರಡು ಪ್ರಶ್ನೆಗಳುಂಟು. ತೀರ್ಪು ಸರಿಯೇ ಎಂಬುದು ಒಂದು. ತೀರ್ಪು ತಪ್ಪೆಂದು ತೋರಿದಾಗ ಮಾಡತಕ್ಕದ್ದೇನು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಪ್ರಾಮಾಣಿಕರೂ ಭಿನ್ನಾಭಿಪ್ರಾಯ ತಳೆಯಬಹುದು. ಎರಡನೆಯದರಲ್ಲಿ ಅದಕ್ಕೆ ಎಡೆಯಿಲ್ಲ. ಮಧ್ಯಸ್ಥನನ್ನು ಒಪ್ಪಿಕೊಂಡು ಆಟಕ್ಕಿಳಿದವನು ಅವನ ಮಾತು ತನಗೆ ಹಿತವಾದಾಗ ಮಾತ್ರ ಒಪ್ಪುವೆನೆಂದರೆ ಮೊದಲು ಒಪ್ಪಿದುದಕ್ಕೆ ಅರ್ಥವೇ ಉಳಿಯದು.

ಆದರೆ ಹೊಣೆಯೆಲ್ಲ ಆಟಗಾರನದು, ಪ್ರೇಕ್ಷಕನದು ಎಂದರೆ ಅನ್ಯಾಯವಾದೀತು. ತಾಲ್ಲೂಕು ಮಟ್ಟದ ಶಾಲಾ ಪಂದ್ಯಗಳಲ್ಲಿ ಸೀಟಿಯನ್ನು ಹಿಡಿಯುವವರು ಅನೇಕವೇಳೆ ವ್ಯಾಯಾಮದ ಉಪಾಧ್ಯಾಯರು. ಎರಡು ಪಕ್ಷಗಳಲ್ಲೊಂದು ಅವರ ಶಾಲೆಯದೇ ಆಗಿರಬಹುದು. ಗೆರೆಯ ಹೊರಗೆ ಕೂಗುವವರು ಅವರ ಊರಿನವರೇ ಆಗಿರಬಹುದು. ೧೮೭೪ರ ಅಂಪೈರುಗಳ ಸಂಕಟವೇ ಅವರದು. ಅಂಥವನು ಚೆಂಡಿನ ಸಮೀಪದಲ್ಲಿಯೇ ಓಡಾಡಬೇಕು. ತನ್ನವರ ತಪ್ಪಿಗೂ ಅಷ್ಟೇ ಗಟ್ಟಿಯಾಗಿ ಸೀಟಿಯೂದಬೇಕು. ತಿಳಿಯದ ಹುಡುಗನಿಗೆ ಕಾರಣವನ್ನು ಎರಡು ಮಾತಿನಲ್ಲಿ ಹೇಳಬೇಕು. ಸೋತ ಪಕ್ಷದ ಬಾಲಕನು ಪಂದ್ಯದ ಕೊನೆಯಲ್ಲಿ ಅವನ ಕೈಯನ್ನು ಕುಲುಕಬಲ್ಲನಾದರೆ ಅದೇ ಅವನ ಯೋಗ್ಯತೆಗೆ ಪ್ರಮಾಣಪತ್ರ.

ಒಂದೂವರೆ ಶತಮಾನದ ಈ ಚರಿತ್ರೆಯಲ್ಲಿ ವಿಶ್ವಾಸವು ಕುಗ್ಗಿದಂತೆಲ್ಲ ಸೀಟಿಯ ಅಧಿಕಾರವು ಹಿಗ್ಗಿತು. ಅದರ ಬೆನ್ನಿಗೆ ಚೀಟಿ, ದಂಡ, ನಿಷೇಧಗಳು ಬಂದುವು. ದೊಡ್ಡವರ ಆಟದಲ್ಲಿ ಈ ದಾರಿಯನ್ನು ಹಿಂದಕ್ಕೆ ನಡೆಯುವುದು ಕಷ್ಟ. ಮಕ್ಕಳ ಆಟದಲ್ಲಿ ಅದು ಇನ್ನೂ ಅಸಾಧ್ಯವಾಗಿಲ್ಲ. ಚಿಣ್ಣಿದಾಂಡಿನ ಬಯಲಿನಲ್ಲಿ ಜಗಳವಾಡಿಯೂ ಕಡೆಗೆ ಒಪ್ಪಿ ಆಟವನ್ನು ಉಳಿಸಿಕೊಳ್ಳುವ ವಿವೇಕವು ಹುಡುಗರಲ್ಲಿ ಸಹಜವಾಗಿಯೇ ಇದೆ. ಗೆರೆಯ ಹೊರಗೆ ನಿಂತ ಹಿರಿಯರು ಅದನ್ನು ಕೂಗಿ ಕೆಡಿಸದಿದ್ದರೆ ಸಾಕು.